ಒಂದು ಮುಕ್ಕಾಲು ಬೆರಳು

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಯಾವುದೋ ಕಾಲದಲ್ಲಿ ಜೀಪಿನ ಟಾಪು ಹೊಲಿಯುವಾಗ ಮಿಷನ್ನಿನ ಸೂಜಿ ಉಗುರನ್ನು ತೂರಿಕೊಂಡು ಹೋಗಿತ್ತಂತೆ. ಆ ಒಡಕು ಉಗುರನ್ನು ಹೊಲಿಗೆಯ ಮೇಲೆ ಒತ್ತಿ ಸರ್ರನೆ ಎಳೆದರೆ ಎಂಥ ದಪ್ಪ ಕ್ಯಾನ್ವಾಸಾದರೂ ತೆಪ್ಪಗೆ ಮಲಗಿಬಿಡುತ್ತಿತ್ತು. "ನೋವಾಗಲ್ವಾ ಕಾಕಾ?" ಎಂದು ನಾನು ಕೇಳಿದರೆ, "ಇದು ಉಗುರಲ್ಲ ಮಾರಾಯ್ತಿ, ಇಸ್ತ್ರಿಪೆಟ್ಟಿಗೆ" ಎನ್ನುತ್ತಿದ್ದರು.

ಆಲ್ದೂರಿನಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೆ ಅವರ ಅಂಗಡಿ. ಜೀಪಿನ ಟಾಪು, ಕಾಫಿ ಕಣಕ್ಕೆ ಹೊದಿಸುವ ಟಾರ್ಪಾಲು, ಬೈಕಿನ ಸೀಟು, ಮಳೆಗಾಲದಲ್ಲಿ ಕೆಲಸದವರಿಗೆ ಪ್ಲಾಸ್ಟಿಕ್ ಕೊಪ್ಪೆ, ಹೀಗೆ ದಪ್ಪಗಿದ್ದದ್ದನ್ನೆಲ್ಲ ಹೊಲಿಯುತ್ತಿದ್ದರು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಮೂರೂ ಕಡೆಗೆ ಸೇರಿದ ನಮ್ಮ ಹಾಯಿದೋಣಿ ಸಂಘದ ಕಚೇರಿಯೂ ಅದೇ ಅಂಗಡಿ. ನಗಬೇಡಿ. ಸಮುದ್ರ ಇರುವುದು ಘಟ್ಟದ ಕೆಳಗೆ, ಅಷ್ಟು ನಮಗೂ ಗೊತ್ತು. ಆದರೆ ಬೆಟ್ಟದ ನಡುವೆ ನಮಗೊಂದು ದೊಡ್ಡ ಕೆರೆಯಿದೆ, ಅದರ ಮೇಲೆ ಗಾಳಿಯಿದೆ. ಹಾಯಿದೋಣಿಗೆ ಇವೆರಡು ಸಾಕು. ಉಳಿದದ್ದಕ್ಕೆಲ್ಲ ಕಾಕಾ ಇದ್ದರು.

ಸಂಘ ಕಟ್ಟಿದವರು ಅವರಲ್ಲ. ಐದಾರು ಎಸ್ಟೇಟ್ ಮಾಲೀಕರು ಶೋಕಿಗೆ ದೋಣಿ ತರಿಸಿ ಕಟ್ಟಿದ್ದು. ಒಂದು ಸಲ ಹಾಯಿ ಹರಿದಾಗ ಅದನ್ನು ಕಾಕಾನ ಅಂಗಡಿಗೆ ಕಳಿಸಿದರು. ಬೇರೆಯವರಾಗಿದ್ದರೆ ಹೊಲಿದುಕೊಟ್ಟು ಮರೆಯುತ್ತಿದ್ದರು. ಕಾಕಾನಿಗೆ ಒಂದು ಪ್ರಶ್ನೆ ಹತ್ತಿಕೊಂಡಿತು: ಈ ಬಟ್ಟೆ ನೆಲದ ಮೇಲೆ ಹಾಸಿದರೆ ಯಾಕೆ ಚಪ್ಪಟೆಯಾಗಿ ಕೂರುವುದಿಲ್ಲ, ನಡುವೆ ಯಾಕೆ ಹೊಟ್ಟೆ? ಹಾಯಿ ಹಿಂದಿರುಗಿಸುವ ನೆಪದಲ್ಲಿ ತಾವೇ ಕೆರೆಗೆ ಹೋಗಿ ದಡದಲ್ಲಿ ನಿಂತು, ಸಿಕ್ಕಿದವರನ್ನೆಲ್ಲ ಕೇಳಿದರು. ಹೊಟ್ಟೆಯಿಲ್ಲದ ಹಾಯಿ ಗಾಳಿಯನ್ನು ಹಿಡಿಯುವುದಿಲ್ಲ ಎಂದು ಗೊತ್ತಾದ ಮೇಲೆ ಮನೆಯ ಹೊಸ ಬೆಡ್‌ಶೀಟಿಗೆ ಅಲ್ಲಲ್ಲಿ ಮಡಿಕೆ ಹೊಲಿದು ಹೊಟ್ಟೆ ಬರಿಸಿ, ಹೆಂಡತಿಯ ಹತ್ತಿರ ಚೆನ್ನಾಗಿ ಬೈಸಿಕೊಂಡರಂತೆ.

ಕೆಲವು ವರ್ಷಗಳಲ್ಲಿ ಮಾಲೀಕರ ಶೋಕಿ ಇಳಿಯಿತು. ಕಾರ್ಯದರ್ಶಿಯಾಗಿದ್ದ ಮ್ಯಾನೇಜರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. "ರಿಜಿಸ್ಟ್ರು, ಸೀಲು ಎಲ್ಲಾ ಒಂದ್ಸಲ ಹಾಯಿ ಚೀಲದಲ್ಲೇ ಬಂದಿತ್ತು. ಹಾಯಿ ತಗೊಂಡು ಹೋದ್ರು. ಅದನ್ನ ಕೇಳ್ಕೊಂಡು ಯಾರೂ ಬರ್ಲಿಲ್ಲ" ಎಂದು ಕಾಕಾ ಹೇಳುತ್ತಿದ್ದರು. ಅವರು ಕಾರ್ಯದರ್ಶಿಯಾದದ್ದು ಹೀಗೆ. ಚುನಾವಣೆ ಆಮೇಲೆ ನಡೆಯಿತು, ಎದುರು ನಿಲ್ಲಲು ಯಾರಿಗೂ ಹುಚ್ಚು ಹಿಡಿದಿರಲಿಲ್ಲ.

ಸಂಘ ನಡೆಸುವುದೆಂದರೆ ನೀರಿನ ಮೇಲಿನ ಕೆಲಸ ಕಡಿಮೆ, ದಡದ ಮೇಲಿನ ತಲೆನೋವು ಜಾಸ್ತಿ. ಮೀನು ಹಿಡಿಯುವ ಗುತ್ತಿಗೆದಾರನ ಹತ್ತಿರ ಹೋಗಿ ರೇಸಿನ ದಿನ ಬಲೆ ತೆಗೆಸಬೇಕು. ಪಂಚಾಯ್ತಿಗೆ ಅರ್ಜಿ ಕೊಡಬೇಕು. ರಾಜ್ಯದ ಸಂಘಕ್ಕೆ ವರ್ಷಕ್ಕೊಮ್ಮೆ ವರದಿ ಕಳಿಸಬೇಕು, ಅದು ತಡವಾದರೆ ಹೆಸರು ಹೊಡೆದುಹಾಕುತ್ತಾರೆ. ಇಷ್ಟನ್ನೂ ಕಾಕಾ ಮಿಷನ್ನು ತುಳಿಯುತ್ತಲೇ ಮಾಡುತ್ತಿದ್ದರು. ಎಸ್ಟೇಟುಗಳ ಶೆಡ್ಡಿನಲ್ಲಿ ಇಲಿಗಳ ಪಾಲಾಗಿದ್ದ ದೋಣಿಗಳನ್ನು ಮಾಲೀಕರನ್ನು ಕಾಡಿಬೇಡಿ ಜೀಪಿನ ಮೇಲೆ ಹೊತ್ತು ತಂದು, ಕೆರೆಯ ಸುತ್ತಮುತ್ತಲಿನ ಮಕ್ಕಳನ್ನು ಕೂರಿಸಿದರು. ಜಾವಳಿಯ ಕಡೆ ಎರಡೆಕರೆ ಕಾಫಿ ಇಟ್ಟುಕೊಂಡವರ ಮಗಳು ನಾನು. ದೋಣಿ ಓಡಿಸಲು ಕಲಿತದ್ದು ಹಾಗೆ.

ಕೇಳುವುದೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಹೊರನಾಡಿನಿಂದ ಬರುವ ಬಸ್ಸಿನ ಡ್ರೈವರು ಟೀಗೆ ಇಳಿದರೆ ಸಾಕು, "ಮೇಲೆ ಮೋಡ ಎತ್ತ ಓಡ್ತಾ ಇತ್ತು?" ಎಂದು ಹಿಡಿದುಕೊಳ್ಳುತ್ತಿದ್ದರು. ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಬೀಜ ಹರಡುವ ಹೆಂಗಸರ ಹತ್ತಿರ ಕೂತು ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. "ಹೊಟ್ಟು ಹಾರೋದು ನೋಡ್ತಾ ನೋಡ್ತಾ ಇವರಿಗೆ ಗೊತ್ತಿದೆ, ನಮಗೆ ಗೊತ್ತಿಲ್ಲ" ಎನ್ನುತ್ತಿದ್ದರು. ನಾವು ರೇಸು ಮುಗಿಸಿ ದಡಕ್ಕೆ ಬಂದರೆ ಗೆದ್ದವರು ಯಾರು ಎಂದು ಕೇಳುವ ಮೊದಲೇ, "ಆ ಬಂಡೆ ಹತ್ರ ಗಾಳಿ ಎಂತ ಮಾಡ್ತು?" ಎಂಬ ವಿಚಾರಣೆ ಶುರು. ನಾನು ಅವರಿಗೆ ಅಚ್ಚುಮೆಚ್ಚಾದದ್ದು ಗೆಲ್ಲುತ್ತಿದ್ದುದರಿಂದಲ್ಲ, ಬಾಯಿ ತುಂಬ ಉತ್ತರ ಕೊಡುತ್ತಿದ್ದುದರಿಂದ ಎಂದು ಈಗ ಅನಿಸುತ್ತದೆ.

ಇಷ್ಟಾಗಿ ಅವರು ಒಂದು ದಿನವೂ ದೋಣಿ ಹತ್ತಿದವರಲ್ಲ! ಹತ್ತಿ ಎಂದು ಕರೆದರೆ, "ಟೈಲರ್ ಎಲ್ಲರ ಅಂಗಿ ಹೊಲೀತಾನೆ. ಹಾಕ್ಕೊಂಡು ನೋಡ್ತಾನಾ?" ಎನ್ನುತ್ತಿದ್ದರು. ಅಸಲು ಸಂಗತಿ, ಅವರಿಗೆ ಈಜು ಬರುತ್ತಿರಲಿಲ್ಲ, ನೀರೆಂದರೆ ಜೀವ ಹೋಗುವಷ್ಟು ಹೆದರಿಕೆ. ಮೊಣಕಾಲಿನಷ್ಟು ನೀರಿಗೆ ಇಳಿದು ನಮ್ಮ ದೋಣಿ ತಳ್ಳುವಾಗಲೂ ಬಾಯಲ್ಲಿ ದುವಾ ಇರುತ್ತಿತ್ತು.

ನಮ್ಮಿಬ್ಬರ ನಡುವೆ ಒಂದು ಹಾಯಿ ಬಂದದ್ದು ನನ್ನ ಕೊನೆಯ ಮಕ್ಕಳ ರೇಸಿನಲ್ಲಿ. ಮಕ್ಕಳ ಪುಟ್ಟ ದೋಣಿಯಲ್ಲಿ ಒಬ್ಬರೇ ಕೂರುವುದು, ವಯಸ್ಸಿನ ಮಿತಿಯಿದೆ, ಮರುವರ್ಷ ನನಗೆ ಅದು ದಾಟುತ್ತಿತ್ತು. ಆ ವರ್ಷ ಗೆದ್ದವರನ್ನು ರಾಜ್ಯ ತಂಡಕ್ಕೆ ಸೇರಿಸಿ ಸಮುದ್ರದ ರೇಸಿಗೆ ಕಳಿಸುತ್ತಾರೆ ಎಂದು ಪತ್ರ ಬಂದಿತ್ತು. ನಾನು ಸಮುದ್ರವನ್ನೇ ನೋಡಿದವಳಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಅದೊಂದೇ ಜಪ. ರೇಸಿಗೆ ಎರಡು ವಾರ ಇರುವಾಗ ದೋಣಿ ಮಗುಚಿ, ನೀರಿನಲ್ಲಿ ಮುಳುಗಿದ್ದ ಮರದ ಬೊಡ್ಡೆಗೆ ಸಿಕ್ಕಿ ನನ್ನ ಹಾಯಿಯ ಕೆಳಗಿನ ಪಟ್ಟಿ ಉದ್ದಕ್ಕೂ ಹರಿಯಿತು. ನಾನು ಅಳುತ್ತಾ ಆಲ್ದೂರಿನ ಬಸ್ಸು ಹತ್ತಿದೆ.

"ಅತ್ತರೆ ಬಟ್ಟೆ ಕೂಡಲ್ಲ, ದಾರ ಹಿಡಿ" ಎಂದರು ಕಾಕಾ. ಆ ಪಟ್ಟಿಯನ್ನೇ ಬಿಚ್ಚಿ ಹೊಸ ಬಟ್ಟೆ ಹಾಕಿ, ರೇಸಿನ ಹಿಂದಿನ ಸಂಜೆ ಹೊಲಿದುಕೊಟ್ಟರು.

ಕೊಯ್ಲು ಮುಗಿದು ಕಣಗಳೆಲ್ಲ ಖಾಲಿಯಾದ ಮೇಲೆ ನಮ್ಮ ರೇಸು. ನಾನು ಗೆದ್ದೆ. ಸುಮ್ಮನೆ ಗೆದ್ದದ್ದಲ್ಲ, ಎರಡನೆಯವಳು, ಕಳಸದ ಹುಡುಗಿ, ಇನ್ನೂ ಕೆರೆಯ ನಡುವಿರುವಾಗಲೇ ನಾನು ದಡದಲ್ಲಿದ್ದೆ. ಕೆರೆಯ ಪಕ್ಕದ ಕಣ ಸಂಘದ ಅಧ್ಯಕ್ಷರದ್ದು. ಅವರು ದೊಡ್ಡ ಪ್ಲಾಂಟರು, ಒಳ್ಳೆಯ ಮನುಷ್ಯ. ಹಾಯಿಗಳನ್ನು ತೊಳೆದು ಆ ಕಣದಲ್ಲಿ ಸಾಲಾಗಿ ಒಣಗಿಸುವುದು ನಮ್ಮ ರೂಢಿ. ನಾವೆಲ್ಲ ಚಿತ್ರಾನ್ನ ತಿನ್ನುತ್ತಾ ಕೂತಿದ್ದೆವು. ಕಾಕಾ ಸಾಲಿನ ಉದ್ದಕ್ಕೂ ನಡೆಯುತ್ತಾ ಬಂದವರು ನನ್ನ ಹಾಯಿಯ ಹತ್ತಿರ ನಿಂತುಬಿಟ್ಟರು. ಪಕ್ಕದ ಹಾಯಿಯ ಅಂಚಿಗಿಂತ ನನ್ನದರ ಅಂಚು ಮುಂದಕ್ಕೆ ಬಂದಿತ್ತು.

ಟೇಪು ತಂದು ಅಳೆದರು. ಮತ್ತೆ ಅಳೆದರು. ಮೂರನೇ ಸಲ ಅಳೆದು ಅಲ್ಲೇ ಕುಕ್ಕರಗಾಲಲ್ಲಿ ಕೂತರು.

ಹಾಯಿಗಳ ಅಳತೆ ನೋಡಿ ಮುದ್ರೆ ಒತ್ತುವ ಕೆಲಸವೂ ಸಂಘದಲ್ಲಿ ಅವರದ್ದೇ. ರಿಪೇರಿಯಾದ ಹಾಯಿಯನ್ನು ಮತ್ತೊಮ್ಮೆ ಅಳೆಯಬೇಕೆಂದು ನಿಯಮ. ತಾವೇ ಹೊಲಿದದ್ದು ಎಂಬ ಧೈರ್ಯದಲ್ಲಿ ನನ್ನದನ್ನು ಅಳೆಯದೆ ಬಿಟ್ಟಿದ್ದರು. ಜೀಪಿನ ಟಾಪು ಹೊಲಿಯುವವರೆಲ್ಲ ಕೆಳಗೆ ಎರಡು ಬೆರಳು ಹೆಚ್ಚು ಬಿಡುತ್ತಾರೆ, ಮೊದಲ ಮಳೆಗೆ ಕ್ಯಾನ್ವಾಸು ಕುಗ್ಗುತ್ತದೆ ಎಂದು. ಹಾಯಿಯ ಬಟ್ಟೆ ಕುಗ್ಗುವುದಿಲ್ಲ.

"ಅಭ್ಯಾಸಬಲ ಸಾರ್, ಕೈ ತಪ್ಪಿತು. ಇವಳ ಹಾಯಿ ಅಳತೆ ಮೀರಿದೆ. ಇವಳ ಗೆಲುವು ಲೆಕ್ಕಕ್ಕಿಲ್ಲ" ಎಂದು ಅಧ್ಯಕ್ಷರ ಮುಂದೆ ಹೇಳಿದರು.

"ಬಿಡಿ ಮಾರಾಯ್ರೆ, ಎರಡು ಬೆರಳಿಗೆ ಒಂದು ಮಗೂನ್ನ ಅಳಿಸ್ತೀರಾ? ಯಾರು ನೋಡಿದ್ದಾರೆ?"

"ಎರಡಲ್ಲ ಸಾರ್. ಒಂದು ಮುಕ್ಕಾಲು." ಆಮೇಲೆ ತಗ್ಗಿದ ದನಿಯಲ್ಲಿ, "ನಾನು ನೋಡಿದ್ದೀನಲ್ಲ" ಎಂದರು.

ಕಳಸದ ಹುಡುಗಿ ಸಮುದ್ರಕ್ಕೆ ಹೋದಳು. ನಾನು ಅಷ್ಟು ಜನರ ಎದುರಿಗೆ ಕಾಕಾನ ಮುಖ ನೋಡಿ, "ನೀವು ಹೋಗಿ ಜೀಪಿನ ಟಾಪೇ ಹೊಲೀರಿ!" ಎಂದು ಕಿರುಚಿದೆ. ಅಪ್ಪ ನನ್ನ ಬೆನ್ನಿಗೊಂದು ಗುದ್ದಿದರು. ಕಾಕಾ ಮಾತ್ರ, "ಹೌದು ಮಗಾ, ಅದೇ ಸರಿಯಾಗಿ ಬರೋದು ನಂಗೆ" ಎಂದರು. ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮೂರು ವರ್ಷ ನಾನು ಕೆರೆಯ ಕಡೆ ತಲೆ ಹಾಕಲಿಲ್ಲ. ಆಲ್ದೂರಿನಲ್ಲಿ ಬಸ್ಸು ನಿಂತರೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದೆ. ಹದಿನೆಂಟು ತುಂಬಿದ ವರ್ಷ ಒಂದು ಕಾರ್ಡು ಬಂತು. ಸಭೆಯ ನೋಟೀಸನ್ನು ಬರಹದಲ್ಲೇ ಕೊಡಬೇಕೆಂದು ನಿಯಮವಿದ್ದುದರಿಂದ ಫೋನಿನ ಕಾಲದಲ್ಲೂ ಅವರು ಕಾರ್ಡೇ ಬರೆಯುತ್ತಿದ್ದರು. ನೋಟೀಸಿನ ಕೆಳಗೆ ಸಣ್ಣ ಅಕ್ಷರದಲ್ಲಿ, "ಕೋರಂಗೆ ಒಬ್ಬರು ಕಡಿಮೆ. ನಿನಗೆ ಈಗ ಓಟಿದೆ. ಬಂದು ಕೂತು ಹೋಗು. ನನ್ನ ಹತ್ರ ಮಾತಾಡಬೇಕು ಅಂತೇನಿಲ್ಲ" ಎಂದಿತ್ತು. ಓದಿ ನಗು ತಡೆಯಲಾಗಲಿಲ್ಲ. ಹೋದೆ, ಕೂತೆ, ಮಾತಾಡಲಿಲ್ಲ. ಮರುವರ್ಷ ಮಾತಾಡಿದೆ. ಅದರ ಮರುವರ್ಷ ನನ್ನನ್ನು ಜಂಟಿ ಕಾರ್ಯದರ್ಶಿ ಮಾಡಿ, ಪಂಚಾಯ್ತಿಗೆ ಓಡಾಡುವ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟಿದರು.

ಆ ಹಾಯಿಯ ಸುದ್ದಿ ಬಂದಾಗಲೆಲ್ಲ ಕಾಕಾ ತಪ್ಪನ್ನು ಪೂರ್ತಿ ತಾವೇ ಹೊತ್ತುಕೊಳ್ಳುತ್ತಿದ್ದರು. ಹೊಸದಾಗಿ ಬಂದ ಮಕ್ಕಳಿಗೂ, "ನನ್ನ ಕೈ ತಪ್ಪಿ ಇವಳ ಸಮುದ್ರ ಹೋಯ್ತು" ಎಂದು ಪರಿಚಯ ಮಾಡಿಕೊಡುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರಲು ನನಗೊಂದು ಕಾರಣವಿತ್ತು.

ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಅಂಗಡಿಯ ಹಿಂದಿನ ಮನೆಯಲ್ಲಿ, ಅದನ್ನು ಬಾಯಿಬಿಟ್ಟೆ. ಹೇಳದಿದ್ದರೆ ನನಗೇ ಅನ್ನ ಇಳಿಯುತ್ತಿರಲಿಲ್ಲ.

"ಕಾಕಾ, ಹಾಯಿ ದೊಡ್ಡದಾಗಿದೆ ಅಂತ ಅವತ್ತು ನೀರಿನ ಮೇಲೆ ನಂಗೆ ಗೊತ್ತಾಗಿತ್ತು."

ಹಾಯಿಯ ಕೆಳಗೆ ಒಂದು ಅಡ್ಡಗೋಲಿರುತ್ತದೆ. ದೋಣಿ ತಿರುಗಿದಾಗ ಅದು ಈ ಕಡೆಯಿಂದ ಆ ಕಡೆಗೆ ನಮ್ಮ ತಲೆಯ ಮೇಲೆ ಹಾಯುತ್ತದೆ. ಎಷ್ಟು ಬಗ್ಗಬೇಕು ಎಂಬುದು ಸಾವಿರ ಸಲ ಮಾಡಿ ಮೈಗೆ ಬಂದಿರುತ್ತದೆ. ಅವತ್ತು ಮೊದಲ ತಿರುವಿನಲ್ಲೇ ಕೋಲು ನನ್ನ ಟೋಪಿಯನ್ನು ಕೆಡವಿತು. ಎರಡನೇ ತಿರುವಿನಲ್ಲಿ ಇನ್ನಷ್ಟು ಬಗ್ಗಿದೆ. ಅಷ್ಟು ಹೊತ್ತಿಗೆ, ಹಾಯಿ ಉದ್ದವಾಗಿ ಕೋಲು ಕೆಳಗಿಳಿದಿದೆ ಎಂದು ಅರ್ಥವಾಗಿತ್ತು.

ಬೈಯುತ್ತಾರೆ ಎಂದು ಕಾದೆ. ಅವರು ಮೊಣಕೈ ಊರಿ ಎದ್ದು ಕೂತರು. ಕಣ್ಣು ಅರಳಿತ್ತು.

"ಹೌದಾ! ಎಲ್ಲಿ ತಾಗ್ತು? ಉಜ್ಜಿತಾ, ಬಡೀತಾ?"

"ಉಜ್ಜಿತು."

"ಗಾಳಿ ಹಿಂದಿಂದ ಬಂದಾಗ? ದೋಣಿ ಮುಂಚಿಗಿಂತ ಹಗುರ ಆದಂಗೆ ಆಯ್ತಾ? ಚುಕ್ಕಾಣಿ ಕೈಯನ್ನ ಎಳೀತಾ?"

ಪ್ರಶ್ನೆಯ ಮೇಲೆ ಪ್ರಶ್ನೆ. ನನ್ನನ್ನು ಮಂಚದ ಪಕ್ಕ ನೆಲಕ್ಕೆ ಕೂರಿಸಿ, ತಮ್ಮ ಊರುಗೋಲನ್ನು ನನ್ನ ತಲೆಯ ಮೇಲೆ ಅಡ್ಡ ಹಿಡಿದು, "ಮುಂಚೆ ಎಷ್ಟು ಬಗ್ತಿದ್ದೆ, ತೋರ್ಸು. ಅವತ್ತು ಎಷ್ಟು? ಇನ್ನೊಂದ್ಸಲ" ಎಂದು ಹಾಯಿಸಿ ಹಾಯಿಸಿ ನೋಡಿದರು. ಚಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು, "ಇಬ್ಬರಿಗೂ ಎಂತ ಆಗಿದೆ ಇವತ್ತು?" ಎಂದರು. ಒಂದು ಮುಕ್ಕಾಲು ಬೆರಳು ಬಟ್ಟೆ ನೀರಿನ ಮೇಲೆ ಏನು ಮಾಡುತ್ತದೆ ಎಂಬುದನ್ನು, ಎಂದೂ ದೋಣಿ ಹತ್ತದ ಆ ಮನುಷ್ಯ ನನ್ನ ಕತ್ತಿನಿಂದ ತಿಳಿದುಕೊಂಡರು.

ಎಲ್ಲ ಮುಗಿದ ಮೇಲೆ ಕೋಲು ಕೆಳಗಿಟ್ಟು ಕೇಳಿದರು: "ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ಮಗಾ?"

"ಗೆಲ್ಬೇಕಿತ್ತು ಕಾಕಾ."

ಕಾಕಾ ಒಡಕು ಉಗುರನ್ನು ಹೊದಿಕೆಯ ಅಂಚಿನ ಮೇಲೆ ಎಳೆದರು. ಚಾ ಆರುತ್ತಿತ್ತು.

"ಅಭ್ಯಾಸಬಲ ಅಂತ ಎಲ್ಲರಿಗೂ ಹೇಳಿದೆ ನಾನು. ಅದಕ್ಕೆ ಮುಂಚೆ ಎಷ್ಟು ಹಾಯಿ ಹೊಲಿದಿಲ್ಲ ಹೇಳು? ಒಂದಕ್ಕೂ ಹೆಚ್ಚು ಬಿಟ್ಟವನಲ್ಲ. ನಿಂದಕ್ಕೆ ಮಾತ್ರ ಯಾಕೆ ಬಿಟ್ಟೆ? ಅವತ್ತಿಂದ ಅದನ್ನೇ ಕೇಳ್ಕೊಳ್ತಾ ಇದ್ದೀನಿ, ಗೊತ್ತಾಗ್ತಿಲ್ಲ. ನೀನು ಗೆಲ್ಲಬೇಕು ಅಂತ ನಂಗೂ ಇತ್ತು ಮಾರಾಯ್ತಿ. ಮನಸ್ಸಲ್ಲಿದ್ದದ್ದು ಕೈಗೆ ಇಳೀತೋ ಏನೋ. ಅದಕ್ಕೇ ಅವತ್ತು ಅಧ್ಯಕ್ಷರು ಬಿಡಿ ಅಂದ್ರೂ ಬಿಡೋಕೆ ಆಗ್ಲಿಲ್ಲ."

ನಾನು ಮಂಚದ ಅಂಚಿಗೆ ಮುಖವಿಟ್ಟು ಅತ್ತೆ. ನಾಚಿಕೆಯಾಯಿತು, ಜೊತೆಗೆ ಹೊಟ್ಟೆ ತುಂಬಿದ ಹಾಗೂ ಆಯಿತು. ಅವರ ಕೈ ನನ್ನ ತಲೆಯ ಮೇಲಿತ್ತು.

ಮುಂದಿನ ರೇಸಿಗೆ ಅವರು ಇರಲಿಲ್ಲ. ಸಂಘ ಈಗ ನನ್ನ ಕೈಯಲ್ಲಿದೆ, ಹಾಯಿ ಅಳೆಯುವ ಕೆಲಸವೂ ನನ್ನದೇ. ಆದರೆ ಯಾವ ಮಗು ಗೆಲ್ಲಲಿ ಎಂದು ನನಗೆ ಆಸೆಯಿರುತ್ತದೋ ಆ ಮಗುವಿನ ಹಾಯಿಯನ್ನು ನಾನು ಅಳೆಯುವುದಿಲ್ಲ. ಟೇಪನ್ನು ಬೇರೆಯವರಿಗೆ ಕೊಟ್ಟು ದೂರ ಹೋಗಿ ನಿಲ್ಲುತ್ತೇನೆ. ಕೆರೆಗೆ ಬರುವ ಮಕ್ಕಳೋ, ನಾಲ್ಕು ದಿನ ಒಡನಾಡಿದರೆ ಸಾಕು, ಒಬ್ಬೊಬ್ಬರೂ ಗೆಲ್ಲಲಿ ಅನಿಸಿಬಿಡುತ್ತದೆ. ಎರಡು ವರ್ಷದಿಂದ ನಾನು ಟೇಪು ಮುಟ್ಟಿಲ್ಲ.