ಏಸಿ ಭಾಯಿಯ ಕಿವಿ

ಅವರ ಬಲಗಿವಿಯ ಅಂಚು ಸದಾ ಗ್ರೀಸಿನಿಂದ ಕಪ್ಪಾಗಿರುತ್ತಿತ್ತು. ಬಾನೆಟ್ ಎತ್ತಿ, ಮಸಿ ಹಿಡಿದ ಅಂಗೈಯನ್ನು ಕಿವಿಯ ಹಿಂದೆ ಆನಿಸಿ, ಕಣ್ಣು ಮುಚ್ಚಿ ಎಂಜಿನ್ ಕಡೆ ಬಾಗುತ್ತಿದ್ದರು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕಾರುಗಳ ಏಸಿ ರಿಪೇರಿ ಮಾಡುತ್ತಿದ್ದ ಅವರು ಎಲ್ಲರಿಗೂ ಏಸಿ ಭಾಯ್.

ನಾನು ಶಿವಮೊಗ್ಗದಲ್ಲಿ ಟ್ಯಾಕ್ಸಿ ಓಡಿಸುವವನು. ಹಳೇ ಕಾರು ಕೊಂಡ ಮೊದಲ ಬೇಸಿಗೆಯಲ್ಲೇ ಏಸಿ ಕೈಕೊಟ್ಟಿತು. ಇಲ್ಲಿ ತೋರಿಸಿದ ಗ್ಯಾರೇಜುಗಳಲ್ಲೆಲ್ಲ ಕಂಪ್ರೆಸರ್ ಬದಲಿಸಬೇಕು ಎಂದರು. ಭದ್ರಾವತಿಗೆ ಒಯ್ದರೆ ಭಾಯ್ ಮಾತ್ರ ಏನನ್ನೂ ಬಿಚ್ಚಲಿಲ್ಲ. ಏಸಿ ಹಾಕಿಸಿ ಕೇಳಿದರು, ಆರಿಸಿ ಕೇಳಿದರು.

"ಕಂಪ್ರೆಸರ್ ಸತ್ತಿಲ್ಲ ಮಾರಾಯ. ಅದಕ್ಕೆ ಕರೆಂಟೇ ಹೋಗ್ತಿಲ್ಲ."

ಆಮೇಲೆ ಕರೆಂಟಿದ್ದರೆ ಉರಿಯುವ ಟೆಸ್ಟ್ ಲ್ಯಾಂಪಿನ ಪುಟ್ಟ ಬಲ್ಬು ಹಿಡಿದು ವೈರುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು. ಮೇಲಿನ ಪ್ಲಾಸ್ಟಿಕ್ ಸರಿಯಿದ್ದು ಒಳಗೇ ತುಂಡಾಗಿದ್ದ ಒಂದು ವೈರು ಸಿಕ್ಕಿತು. ಅದನ್ನು ಜೋಡಿಸಿದ್ದೇ ಕಂಪ್ರೆಸರ್ 'ಟಕ್' ಎಂದು ಕಚ್ಚಿಕೊಂಡಿತು. ಅವರ ಮುಖ ಅರಳಿತು.

"ಮೊದ್ಲು ಕೇಳು, ಆಮೇಲೆ ಬಿಚ್ಚು" ಎನ್ನುವುದು ಅವರ ಮಾತು. ಅಂದಿನಿಂದ ನಾನು ಬೇರೆ ಯಾರ ಬಳಿಯೂ ಹೋಗಲಿಲ್ಲ.

ವರ್ಷಗಳು ಕಳೆದಂತೆ ಭಾಯ್ ಪ್ರತಿಯೊಂದನ್ನೂ ಎರಡೆರಡು ಸಲ ಕೇಳತೊಡಗಿದರು. ಫೋನ್ ಎತ್ತುವುದನ್ನು ಬಿಟ್ಟರು. ಕಿವಿ ಮಂದವಾಗುತ್ತಿದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಿರಾಕಿಗಳು ಕಡಿಮೆಯಾದರು.

ಕಳೆದ ಬೇಸಿಗೆಯಲ್ಲಿ ನನ್ನ ಏಸಿ ಮತ್ತೆ ನಿಂತಿತು. ಭಾಯ್ ಒಂದು ರಿಲೇ ಸ್ವಿಚ್ ಬದಲಿಸಿ ಏಸಿ ಹಾಕಲು ಸನ್ನೆ ಮಾಡಿದರು. ನನ್ನ ಕಾರಿನ ಕಂಪ್ರೆಸರ್ ಕಣ್ಣಿಗೆ ಕಾಣದಷ್ಟು ಕೆಳಗಿದೆ, ಆ 'ಟಕ್' ಸದ್ದೇ ಗುರುತು. ಸದ್ದು ಬರಲಿಲ್ಲ. ಅವರು ಎಂಜಿನ್ ಬಿಟ್ಟು ನನ್ನ ಮುಖ ನೋಡುತ್ತಿದ್ದರು.

"ಬಂತಾ?"

ಪಕ್ಕದ ಅಂಗಡಿಯ ಇಬ್ಬರು ಇತ್ತಲೇ ನೋಡಿ ನಗುತ್ತಿದ್ದರು. ಅವರೆದುರು ಭಾಯ್ ಸೋಲುವುದನ್ನು ನೋಡಲು ನನಗಾಗಲಿಲ್ಲ.

"ಬಂತು ಭಾಯ್," ಎಂದೆ.

ಅವರು ಬಾನೆಟ್ ಮುಚ್ಚಿ ಬಂದು ನನ್ನ ಪಕ್ಕ ಕುಳಿತು, ಗಾಳಿ ಬರುವಲ್ಲಿ ಅಂಗೈ ಇಟ್ಟರು. ಬಿಸಿಗಾಳಿ. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಕಿವಿ ಹೋಗಿರೋದು ನಂಗೆ ಗೊತ್ತು ಮಾರಾಯ. ನೀನಾದ್ರೂ ನಿಜ ಹೇಳ್ತೀಯ ಅಂದ್ಕೊಂಡಿದ್ದೆ."

ನಾನು ಏಸಿ ಆರಿಸಿದೆ. "ಶಿವಮೊಗ್ಗದಲ್ಲೇ ತೋರಿಸ್ಕೋ, ಹೋಗು," ಎಂದು ಇಳಿದು ಹೋದರು. ದಾರಿಯಲ್ಲಿ ಮಲವಗೊಪ್ಪದ ಹತ್ತಿರ ಕಾರು ನಿಲ್ಲಿಸಿ, ವಾಪಸ್ ಹೋಗಿ ಕ್ಷಮೆ ಕೇಳಲೇ ಎಂದು ಬಿಸಿಲಲ್ಲೇ ಕುಳಿತಿದ್ದೆ. ಹೋಗಲಿಲ್ಲ.

ಶಿವಮೊಗ್ಗದಲ್ಲಿ ನೋಡಿದರೆ ವೈರಿನ ಒಂದು ಕನೆಕ್ಟರ್ ಸಡಿಲವಾಗಿತ್ತು, ಅಷ್ಟೇ. ನಾನು 'ಬರಲಿಲ್ಲ' ಎಂದಿದ್ದರೆ ಭಾಯ್ ಟೆಸ್ಟ್ ಲ್ಯಾಂಪ್ ಹಿಡಿದು ಐದು ನಿಮಿಷದಲ್ಲಿ ಹುಡುಕುತ್ತಿದ್ದರು. ಅದಕ್ಕೆ ಕಿವಿ ಬೇಕಿರಲಿಲ್ಲ.

ತಿಂಗಳ ನಂತರ ಹೋದಾಗ ಅಂಗಡಿಯ ಶಟರ್ ಇಳಿದಿತ್ತು. ಮನೆ ಹುಡುಕಿಕೊಂಡು ಹೋಗುವ ಧೈರ್ಯ ಬರುವಷ್ಟರಲ್ಲಿ ಮಳೆಗಾಲ ಬಂತು. ಆಗ ಅವರು ಇರಲಿಲ್ಲ; ಎದೆನೋವು ಬಂದು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಬಾಗಿಲಲ್ಲೇ ನಿಂತು ನಾನು ಮಾಡಿದ್ದನ್ನೆಲ್ಲ ಅವರ ಹೆಂಡತಿಗೆ ಹೇಳಿದೆ.

"ನಿಮ್ಮ ಮೇಲೆ ಅವ್ರಿಗೆ ಸಿಟ್ಟಿರ್ಲಿಲ್ಲ," ಎಂದರು ಆಕೆ. "ಅಂಗಡಿ ಮುಚ್ಚಿ ಬಂದ ದಿನ ಒಂದೇ ಮಾತು ಅಂದ್ರು. ಇನ್ನು ಯಾರನ್ನ ಕೇಳಿ ಕೆಲ್ಸ ಮಾಡ್ಲಿ, ಅಂತ."