ಬಾಯಿಗೆ ಅಡ್ಡ ಹಿಡಿದ ಕಾರ್ಡು

ಕೊರೊನಾ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಸೇಲಂನಲ್ಲಿದ್ದೆ. ಇಪ್ಪತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ, ಸ್ವಯಂ ನಿವೃತ್ತಿ ಪಡೆದು, ಮನೆಯ ಮುಂದಿನ ಕೋಣೆಗೆ ‘ರೀಡಿಂಗ್ ಕನ್ಸಲ್ಟೆಂಟ್’ ಎಂಬ ಬೋರ್ಡು ಹಾಕಿಕೊಂಡಿದ್ದೆ. ಎರಡು ವರ್ಷ ಮನೆಯಲ್ಲೇ ಕೂತ ಮಕ್ಕಳಿಗೆ ಅಕ್ಷರವೇ ಮರೆತುಹೋಗಿತ್ತು. ಕಂಗಾಲಾದ ತಂದೆತಾಯಿ ಸಿಕ್ಕಸಿಕ್ಕ ಫೋನಿಕ್ಸ್ ಪ್ರೋಗ್ರಾಂ ಕೊಂಡು, ಯಾವುದನ್ನು ಮನೆಯಲ್ಲಿ ಹೇಳಿಕೊಡಬೇಕು ಎಂದು ಕೇಳಲು ನನ್ನ ಬಳಿ ಬರುತ್ತಿದ್ದರು. ಆರಿಸಿಕೊಡುವುದು ನನ್ನ ಕೆಲಸ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲ ಎಂಬ ಗತ್ತೂ ಇತ್ತು.

ಫೋನಿಕ್ಸ್ ಎಂದರೆ ಅಕ್ಷರದ ಹೆಸರು ಕಲಿಸುವುದಲ್ಲ, ಸದ್ದು ಕಲಿಸುವುದು. ಎಸ್, ಎ, ಟಿ ಎಂದು ಹೆಸರು ಹೇಳದೆ ‘ಸ್’, ‘ಆ್ಯ’, ‘ಟ್’ ಎಂದು ಸದ್ದು ಮಾಡಿಸಿ, ಮೂರನ್ನೂ ಬೆಸೆದು ‘ಸ್ಯಾಟ್’ ಎಂದು ಓದಿಸುವುದು. ಈ ಬೆಸುಗೆಗೆ ಬ್ಲೆಂಡಿಂಗ್ ಎನ್ನುತ್ತಾರೆ. ಸದ್ದುಗಳ ಕ್ರಮ ಸರಿಯಿದೆಯೇ, ಕಲಿತ ಸದ್ದಿನಿಂದಲೇ ಓದಬಹುದಾದ ಪುಸ್ತಕ ಜೊತೆಗಿದೆಯೇ, ಮನೆಯಲ್ಲಿ ಕಲಿಸುವವರಿಗೆ ಆ ಸದ್ದು ಬರುತ್ತದೆಯೇ, ಇವನ್ನೆಲ್ಲ ನೋಡಿ ಆರಿಸಬೇಕು. ಇದಕ್ಕೂ ಮೊದಲು ನೋಡಬೇಕಾದ ಇನ್ನೊಂದು ವಿಷಯವಿದೆ. ಅದನ್ನು ನಾನು ನೋಡಲಿಲ್ಲ. ಈ ಬರಹ ಅದರ ಬಗ್ಗೆ.

ಆಗಸ್ಟ್ ತಿಂಗಳಲ್ಲಿ ತಾರಮಂಗಲಂ ಕಡೆಯಿಂದ ಮಾದೇಶ ಎಂಬ ನೇಕಾರ ಬಂದ. ಜೊತೆಗೆ ಹೆಂಡತಿ ಕವಿತಾ, ತಾಯಿ ಚೌಡಮ್ಮ, ಒಂದನೇ ಕ್ಲಾಸಿನ ಮಗಳು ಧರಣಿ. ನಮ್ಮವರೇ, ಕನ್ನಡದ ಮನೆಯವರು. ನಾನು ಮೆಟ್ಟೂರು ಬಳಿಯ ರೈತರ ಮನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿದವಳು. ಕನ್ನಡ ಬರೆಯಬಲ್ಲ ಮಿಸ್ಸು ಎಂದು ಅವರಿಗೆ ನನ್ನ ಮೇಲೆ ಒಂದು ಪಟ್ಟು ಹೆಚ್ಚೇ ನಂಬಿಕೆ.

ಶಾಲೆಯವರು ಮಾದೇಶನಿಗೆ ನೇರವಾಗಿ ಹೇಳಿದ್ದರು: ಅರ್ಧವಾರ್ಷಿಕ ಪರೀಕ್ಷೆಯೊಳಗೆ ಹುಡುಗಿಗೆ ಓದು ಬರದಿದ್ದರೆ ಯುಕೆಜಿಗೆ ಇಳಿಸುತ್ತೇವೆ. ನಾಲ್ಕು ತಿಂಗಳಿತ್ತು.

“ನಾನು ಇಂಗ್ಲಿಷು ಬರ್ದೆ ತರಿ ಜೊತೆ ಬಿದ್ದಿವ್ನಿ ಮಿಸ್” ಎಂದ ಮಾದೇಶ. ತರಿ ಎಂದರೆ ಅವರ ಬಾಯಲ್ಲಿ ಮಗ್ಗ, ಪಡಿಪ್ಪು ಎಂದರೆ ಓದು. “ಇವಳ ಪಡಿಪ್ಪಾದ್ರೂ ನೆಟ್ಟಗಾಗ್ಲಿ. ನೀವು ಯಾವ್ದು ಯೋಳ್ತೀರೋ ಅದೇ ಫೈನಲ್.”

ಅವರು ತಂದಿದ್ದು ಎರಡು. ಒಂದು, ಫೋನಿನಲ್ಲಿ ನಡೆಯುವ ಆ್ಯಪ್. ಪರದೆಯ ಮೇಲೆ ಅಕ್ಷರ ಬರುತ್ತದೆ, ಒಳಗಿಂದ ಒಂದು ಹೆಣ್ಣು ದನಿ ಸದ್ದು ಹೇಳುತ್ತದೆ. ಇನ್ನೊಂದು, ರಟ್ಟಿನ ಪೆಟ್ಟಿಗೆಯಲ್ಲಿ ಕಾರ್ಡುಗಳು. ಪ್ರತಿ ಕಾರ್ಡಿನ ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಆ ಸದ್ದು ಮಾಡುವಾಗ ತುಟಿ, ಹಲ್ಲು, ನಾಲಿಗೆ ಹೇಗಿರಬೇಕೆಂಬ ಚಿತ್ರ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಧರಣಿ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬಾಯಿಯ ಚಿತ್ರ ನೋಡಿ ತನ್ನ ತುಟಿಯನ್ನು ಹಾಗೇ ಮಾಡುತ್ತಿದ್ದಳು. ಅವಳೇ ಆರಿಸಿಕೊಂಡಾಗಿತ್ತು.

ನಾನು ಅವಳನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಿದೆ. ನಾನು ಹೇಳಿದ ಸದ್ದನ್ನು ಬಹುಪಾಲು ಸರಿಯಾಗಿಯೇ ಹೇಳಿದಳು. ಪ, ಬ, ಮ ಮೂರನ್ನು ಮಾತ್ರ ಒಂದಕ್ಕೊಂದು ಬದಲಿಸುತ್ತಿದ್ದಳು. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ, ಅದರ ಪ್ರಭಾವ ಎಂದು ಬರೆದುಕೊಂಡೆ. ಹಾಗಾದರೆ ಮ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ. ಮೂರಕ್ಕೂ ತುಟಿ ಮುಚ್ಚುವ ರೀತಿ ಒಂದೇ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಾತು ಮೊಂಡಾಗಿತ್ತು, ಪದದ ಕೊನೆ ನುಂಗುತ್ತಿದ್ದಳು. ‘ಸೋಮಾರಿ ಉಚ್ಚಾರ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಕವಿತಾ ಓದಿದ್ದು ತಮಿಳು ಮಾಧ್ಯಮದಲ್ಲಿ. ಅವಳ ಇಂಗ್ಲಿಷ್ ಸದ್ದು ಮಗುವಿಗೆ ಹತ್ತಬಾರದು ಎಂದು ಆ್ಯಪ್ ಆರಿಸಿದೆ. ದಿನಕ್ಕೆ ಹದಿನೈದು ನಿಮಿಷ, ಫೋನಿನ ದನಿ ಮಾತ್ರ, ನೀವು ಬಾಯಿ ಹಾಕಬೇಡಿ ಎಂದೆ. ಧರಣಿಯ ತೊಡೆಯ ಮೇಲಿನ ಪೆಟ್ಟಿಗೆಯನ್ನು ನಾನೇ ಎತ್ತಿ ಮುಚ್ಚಳ ಹಾಕಿದೆ.

ಅಲ್ಲಿಯವರೆಗೆ ಸುಮ್ಮನಿದ್ದ ಚೌಡಮ್ಮ ಆಗ ಮಾತಾಡಿದರು. “ಮಿಸ್ಸಮ್ಮ, ಮಗೀಗೆ ಬಾಯಿ ಕಾಣಂಗೆ ಕುಂತ್ಕೊಂಡು ಯೋಳ್ಕೊಟ್ರೆ ಎಲ್ಲಾ ಯೋಳ್ತಾಳೆ. ಫೋನಾಗೆ ಯಾರ ಮಕ ಐತೆ?”

“ಅಜ್ಜಿ, ಇದು ಕಿವಿ ಕೆಲಸ. ನಿಮಗೆ ಅರ್ಥ ಆಗಲ್ಲ ಬಿಡಿ” ಎಂದೆ. ಮಾದೇಶ ನಕ್ಕ. ಚೌಡಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

ಸೆಪ್ಟೆಂಬರ್ ಕೊನೆಗೆ ಅವರ ಮನೆಗೆ ಹೋದೆ. ಹಜಾರದಲ್ಲಿ ನಾಲ್ಕು ಪವರ್‌ಲೂಮ್, ಅದರ ಪಕ್ಕದಲ್ಲೇ ಅಡುಗೆ, ಊಟ, ನಿದ್ದೆ. ಬೆಳಗಿನಿಂದ ರಾತ್ರಿಯವರೆಗೆ ಖಟಖಟ ನಿಲ್ಲದು. ಅಂಥ ಮನೆಗಳಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ನೆಲ ತುಳಿಯುತ್ತಾರೆ, ಭುಜ ತಟ್ಟುತ್ತಾರೆ. ಊಟಕ್ಕೆ ಬಾಯಿ ಹತ್ತಿರ ಬೆರಳು, ನೂಲು ಕಡಿದರೆ ಎರಡು ಬೆರಳಿನ ಕತ್ತರಿ. ಉಳಿದ ಮಾತನ್ನು ಒಬ್ಬರ ತುಟಿ ಒಬ್ಬರು ನೋಡಿ ತಿಳಿದುಕೊಳ್ಳುತ್ತಾರೆ. ನಾನು ಹೊಲದ ಮನೆಯವಳು, ಇದನ್ನೆಲ್ಲ ಬೆರಗಿನಿಂದ ನೋಡಿದೆ. ಅಂಥ ಮನೆಯಲ್ಲಿ ಕಿವಿ ಕೇಳದ ಮಗು ಆರು ವರ್ಷ ಬೆಳೆದರೂ ಯಾರಿಗೂ ಗೊತ್ತಾಗದು ಎಂದು ಹೊಳೆಯಲಿಲ್ಲ. ಅಲ್ಲಿ ಎಲ್ಲರೂ ಕಿವುಡರ ಹಾಗೆಯೇ ಬದುಕುತ್ತಿದ್ದರು.

ಆ್ಯಪ್‌ನಲ್ಲಿ ಧರಣಿ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಪಾಠಕ್ಕೆಂದು ಹಿಂದಿನ ಕೋಣೆಯ ಬಾಗಿಲು ಹಾಕಿ ಕೂರಿಸಿದರೂ ಫೋನನ್ನು ದಿಟ್ಟಿಸಿ ನೋಡಿ, ಬಾಯಿಗೆ ಬಂದ ಸದ್ದು ಹೇಳುತ್ತಿದ್ದಳು. ತಡೆಯಲಾರದೆ ಕವಿತಾ ಎದುರು ಕೂತು ತಾನೇ ಹೇಳಿಕೊಟ್ಟರೆ ತಟ್ಟನೆ ಸರಿಯಾಗಿ ಹೇಳುತ್ತಿದ್ದಳು. ನನಗೆ ರೇಗಿತು. “ಇವಳು ಕೇಳಿಸಿಕೊಳ್ಳುತ್ತಿಲ್ಲ, ನಿಮ್ಮ ಬಾಯಿ ನೋಡಿ ಕಾಪಿ ಹೊಡೀತಿದ್ದಾಳೆ. ಬಾಯಿ ಮರೆಮಾಡಿಕೊಂಡು ಹೇಳಿ” ಎಂದೆ. ಮೂಲೆ ಸೇರಿದ್ದ ಆ ಕಾರ್ಡಿನ ಪೆಟ್ಟಿಗೆಯಿಂದ ಒಂದು ಕಾರ್ಡು ತೆಗೆದು, ನನ್ನ ಬಾಯಿಗೆ ಅಡ್ಡ ಹಿಡಿದು ‘ಸ್’ ಎಂದೆ.

ಧರಣಿ ಕಾರ್ಡನ್ನೇ ನೋಡಿದಳು. ಅದರ ಮೇಲೆ ಮುಚ್ಚಿದ ತುಟಿಯ ಚಿತ್ರವಿತ್ತು. ಬಹಳ ಖುಷಿಯಿಂದ ‘ಮ್’ ಎಂದಳು.

ನಾನು ಅದನ್ನು ಕುಚೋದ್ಯ ಎಂದುಕೊಂಡೆ. ಅವಳಿಗೆ ಸಿಕ್ಕಿದ್ದ ಬಾಯಿ ಅದೊಂದೇ ಎಂದು ಈಗ ಗೊತ್ತು. ಆಗ ಮಾತ್ರ ಮಾದೇಶನ ಕಡೆ ತಿರುಗಿ, “ಹುಡುಗಿ ಜಾಣೆ, ಆದರೆ ಹಠಮಾರಿ. ಇನ್ನು ಮೇಲೆ ದಿನಾ ಹೀಗೇ ಕಾರ್ಡು ಹಿಡಿದು ಕೇಳಿ. ಸಡಿಲ ಬಿಡಬೇಡಿ” ಎಂದೆ.

ಅವನು ಸಡಿಲ ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಹೋದಾಗ ಧರಣಿಯ ಬಲ ಅಂಗೈಯಲ್ಲಿ ಕೆಂಪು ಬರೆಗಳಿದ್ದವು. ನೂಲು ಸುತ್ತುವ ಮರದ ಕಂಡಿಕೆಯಿಂದ, ತಪ್ಪಿಗೆ ಒಂದರಂತೆ ಏಟು. ಪದ್ಧತಿ ಹೇಗಿತ್ತೆಂದರೆ, ಕವಿತಾ ಕಾರ್ಡು ಹಿಡಿದು ಸದ್ದು ಹೇಳುವುದು, ಮಗು ತಪ್ಪು ಹೇಳುವುದು, ಕೈ ಚಾಚುವುದು, ಮಾದೇಶ ಹೊಡೆಯುವುದು. ದಿನಕ್ಕೆ ಹದಿನೈದು ನಿಮಿಷ, ನಾನು ಹೇಳಿದಷ್ಟೇ. ಚೌಡಮ್ಮ ಆ ಹೊತ್ತಿಗೆ ಎದ್ದು ಬೀದಿಗೆ ಹೋಗಿಬಿಡುತ್ತಿದ್ದರು.

ನಾನು ಹೊಡೆಯಬೇಡಿ ಎನ್ನಲಿಲ್ಲ. “ಬರೆಯುವ ಕೈಗೆ ಬೇಡ” ಎಂದೆ, ಅಷ್ಟೇ. ಮಾದೇಶ ತಲೆಯಾಡಿಸಿದ. ಅಂದಿನಿಂದ ಮಗು ಎಡಗೈ ಚಾಚತೊಡಗಿತು.

ಡಿಸೆಂಬರ್‌ನಲ್ಲಿ ಪರೀಕ್ಷೆ ನಡೆಯಿತು. ಟೀಚರು ಸಾಲುಗಳ ನಡುವೆ ಓಡಾಡುತ್ತ ಹತ್ತು ಪದ ಡಿಕ್ಟೇಶನ್ ಕೊಟ್ಟರಂತೆ. ಧರಣಿ ಹತ್ತು ಸಾಲಿನಲ್ಲೂ ತನ್ನ ಹೆಸರನ್ನೇ ಬರೆದಿಟ್ಟಿದ್ದಳು. ಜನವರಿಯಲ್ಲಿ ಶಾಲೆ ತೆರೆದ ದಿನ ಅವಳನ್ನು ಯುಕೆಜಿಗೆ ಇಳಿಸಿದರು. ಕವಿತಾ ನನಗೆ ಫೋನ್ ಮಾಡಿದಳು.

“ಅವಳ ಚೇರನ್ನ ಅವಳ ಕೈಲೇ ಎತ್ತುಸ್ಕೊಂಡು ಯುಕೆಜಿಗೆ ಕರ್ಕೊಂಡ್ ಹೋದ್ರಂತೆ ಮಿಸ್. ಕ್ಲಾಸ್‌ನಾಗೆ ಎಲ್ರೂ ಕೈ ತಟ್ಟುದ್ರಂತೆ. ಇವಳು ತನಗೇನೋ ಪ್ರೈಸ್ ಬಂದೈತೆ ಅಂತ ನಕ್ಕೊಂಡೇ ಬಂದವಳೆ.”

ಸಮಾಧಾನ ಹೇಳುವ ಬದಲು, ನೀವು ದಿನಾ ಅಭ್ಯಾಸ ಮಾಡಿಸಿಲ್ಲ ಎಂದು ಅವಳನ್ನೇ ಬೈದೆ. ಸೋತದ್ದು ನನ್ನ ಆಯ್ಕೆ ಎಂದು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಪೊಂಗಲ್ ಕಳೆದ ವಾರ ಮತ್ತೆ ಅವರ ಮನೆಗೆ ಹೋದೆ. ಬೇರೆ ಪ್ರೋಗ್ರಾಂ ಆರಿಸಿಕೊಟ್ಟು ಹೆಸರು ಉಳಿಸಿಕೊಳ್ಳುವ ಯೋಚನೆ. ಹಜಾರದಲ್ಲಿ ಧರಣಿ ನಮಗೆ ಬೆನ್ನು ಹಾಕಿ ನೆಲದ ಮೇಲೆ ಕೂತು ಬರೆಯುತ್ತಿದ್ದಳು. ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು. ನಾಲ್ಕು ಮಗ್ಗವೂ ಒಟ್ಟಿಗೆ ನಿಂತವು. ಆ ಮನೆಯಲ್ಲಿ ನಾನು ಕಂಡ ಮೊದಲ ಮೌನ ಅದು. ಅಡುಗೆಯ ಮೂಲೆಯಲ್ಲಿ ಕವಿತಾಳ ಕೈಜಾರಿ ಹಿತ್ತಾಳೆ ಚೊಂಬು ಕಲ್ಲಿನ ಮೇಲೆ ಬಿತ್ತು. ನಾನು ಬೆಚ್ಚಿದೆ, ಮಾದೇಶ ತಿರುಗಿದ. ಧರಣಿ ಬರೆಯುತ್ತಲೇ ಇದ್ದಳು.

“ಧರಣಿ” ಎಂದೆ. ಇಲ್ಲ. ಇನ್ನೂ ಜೋರಾಗಿ ಕರೆದೆ. ಇಲ್ಲ.

ಚೌಡಮ್ಮ ಕೂತಲ್ಲಿಂದಲೇ ಹಿಮ್ಮಡಿಯಿಂದ ನೆಲ ತುಳಿದರು. ಮಗು ತಕ್ಷಣ ತಿರುಗಿ ಅವರ ಮುಖ ನೋಡಿತು.

“ಇಂಗೇ ಮಿಸ್ಸಮ್ಮ ಇವಳು. ತುಳುದ್ರೆ ತಿರುಗ್ತಾಳೆ, ಮಕ ಕಂಡ್ರೆ ಯೋಳ್ತಾಳೆ. ಮೊದಲ ದಿನಾನೇ ಯೋಳುದ್ನಲ್ಲಾ ನಿಮ್ಗೆ” ಎಂದರು. ಗದರಿಸಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದರು.

ಮಾರನೆಯ ದಿನವೇ ಸೇಲಂನಲ್ಲಿ ಆಡಿಯೋಮೆಟ್ರಿ ಮಾಡಿಸಿದೆವು. ಎಷ್ಟು ಮೆಲ್ಲಗಿನ ಸದ್ದು ಕಿವಿಗೆ ಬೀಳುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಎರಡೂ ಕಿವಿಯಲ್ಲಿ ದೋಷವಿತ್ತು. ದಪ್ಪ ಸದ್ದು ಅಷ್ಟಿಷ್ಟು ಕೇಳುತ್ತಿತ್ತು. ‘ಸ’, ‘ಫ’, ‘ಟ’ದಂಥ ತೆಳು ಸದ್ದು ಇಲ್ಲವೇ ಇಲ್ಲ. ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದೆ, ಏನು ಎಂದು ತಿಳಿಯದು. ಉಳಿದದ್ದನ್ನು ಅವಳು ತುಟಿ ನೋಡಿ ತುಂಬಿಕೊಂಡಿದ್ದಳು. ಹುಟ್ಟಿನಿಂದ ಬಂದದ್ದೋ ಆಮೇಲಿನದೋ ಹೇಳಲಾಗದು ಎಂದರು ಆಡಿಯಾಲಜಿಸ್ಟ್. ಚಿಕ್ಕ ವಯಸ್ಸಿನ ಹೆಣ್ಣುಮಗಳು. ವರದಿ ಬರೆಯುತ್ತ ತಮಿಳಿನಲ್ಲಿ ನನ್ನನ್ನು ಕೇಳಿದರು.

“ನೀವು ಟೀಚರಲ್ವಾ? ಬಾಯಿ ಮರೆಮಾಡಿಕೊಂಡು ಒಂದು ಸಲ ಕೇಳಿದ್ದರೆ ಮನೆಯಲ್ಲೇ ಗೊತ್ತಾಗುತ್ತಿತ್ತು. ಕೇಳಲಿಲ್ವಾ?”

“ಕೇಳಿದೆವು.”

“ಹೇಳಿದಳಾ?”

“ಇಲ್ಲ.”

“ಮತ್ತೆ ಏನು ಮಾಡಿದಿರಿ?”

ಉತ್ತರ ಕೊಟ್ಟವನು ಮಾದೇಶ. “ಅಡಿಚ್ಚೋಂ ಮೇಡಂ” ಎಂದ. ಹೊಡೆದೆವು ಎಂದರ್ಥ. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಗೋಡೆಗೆ ಹಣೆ ಒತ್ತಿಕೊಂಡು ಅತ್ತ. ನಾನು ಹತ್ತಿರ ಹೋಗಲಿಲ್ಲ. ಅವನು ‘ನೀವೇ ಯೋಳಿದ್ದಲ್ವಾ’ ಎಂದರೆ ಏನು ಹೇಳಲಿ ಎಂಬ ಭಯ. ಅವನು ಅದನ್ನು ಇಂದಿಗೂ ಹೇಳಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮಾರ್ಚ್‌ನಲ್ಲಿ ಧರಣಿಗೆ ಶ್ರವಣ ಯಂತ್ರ ಬಂತು. ಮಗ್ಗ ನಡೆಯುವಾಗ ಹಾಕಿದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಅದಕ್ಕೇ ಸಂಜೆ ಒಂದು ಗಂಟೆ ಹೊತ್ತು ನಾಲ್ಕೂ ಮಗ್ಗ ನಿಲ್ಲಿಸುವುದೆಂದು ಮಾದೇಶ ತಾನೇ ತೀರ್ಮಾನಿಸಿದ. ಯಂತ್ರ ಎಷ್ಟು ಕೆಲಸ ಮಾಡುತ್ತಿದೆ ಎಂದು ಮನೆಯಲ್ಲಿ ಪರೀಕ್ಷಿಸಿ ಬರೆದುಕೊಡಲು ಆಡಿಯಾಲಜಿಸ್ಟ್ ನನಗೆ ಹೇಳಿದ್ದರು. ವಿಧಾನ ಗೊತ್ತಿದ್ದದ್ದೇ. ಬಾಯಿ ಮರೆಮಾಡಿಕೊಂಡು ಸದ್ದು ಹೇಳುವುದು, ಮಗು ಅದನ್ನು ಮತ್ತೆ ಹೇಳುವುದು.

ಮಗ್ಗ ನಿಂತ ಹೊತ್ತಿನಲ್ಲಿ ಅವಳ ಎದುರು ಕೂತೆ. ಅದೇ ಪೆಟ್ಟಿಗೆಯ ಕಾರ್ಡು, ಈ ಸಲ ಚಿತ್ರದ ಬದಿ ನನ್ನ ಕಡೆಗೆ. ಬಾಯಿಗೆ ಅಡ್ಡ ಹಿಡಿದೆ. ನಾನು ಇನ್ನೂ ಸದ್ದು ಮಾಡಿರಲಿಲ್ಲ, ಅವಳ ಎಡಗೈ ಮುಂದೆ ಬಂತು. ಅಂಗೈ ಮೇಲೆ ಮಾಡಿ ಚಾಚಿದಳು.

‘ಸ್’ ಎಂದೆ.

‘ಸ್’ ಎಂದಳು. ನಿಚ್ಚಳವಾಗಿ.

“ಸರಿ ಕಂದಾ, ಸರಿಯಾಗಿ ಹೇಳಿದೆ” ಎಂದೆ. ಕೈ ಹಿಂದಕ್ಕೆ ಹೋಗಲಿಲ್ಲ. ಹತ್ತು ಸದ್ದು ಕೇಳಿದೆ, ಒಂಬತ್ತು ಸರಿ ಹೇಳಿದಳು. ಅಷ್ಟು ಹೊತ್ತೂ ಆ ಕೈ ನಮ್ಮಿಬ್ಬರ ನಡುವೆ ಹಾಗೆಯೇ ಇತ್ತು. ಕೊನೆಗೆ ಚೌಡಮ್ಮ ಬಂದು ಅದನ್ನು ಮಡಚಿ, ಮಗುವಿನ ಮಡಿಲಲ್ಲಿಟ್ಟರು.

ಈಗಲೂ ತಂದೆತಾಯಿ ಬಂದು ಯಾವ ಪ್ರೋಗ್ರಾಂ ಒಳ್ಳೆಯದು ಎಂದು ಕೇಳುತ್ತಾರೆ. ಮೊದಲು ಕಿವಿ, ಕಣ್ಣು ತೋರಿಸಿ ಬನ್ನಿ ಎನ್ನುತ್ತೇನೆ. ಮಗು ತಾನಾಗಿ ಯಾವುದನ್ನು ಎತ್ತಿಕೊಳ್ಳುತ್ತದೆ ಎಂದು ಸುಮ್ಮನೆ ನೋಡುತ್ತೇನೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಮೊದಲು ಮಾತಾಡಿಸುತ್ತೇನೆ. ಈ ಮೂರೂ ಧರಣಿಯ ಅಂಗೈ ನನಗೆ ಕಲಿಸಿದ ಪಾಠ. ಅವಳು ಈಗ ಚೆನ್ನಾಗಿ ಓದುತ್ತಾಳೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಬೋರ್ಡುಗಳನ್ನು ಒಂದೊಂದಾಗಿ ಓದಿ ತೋರಿಸಿದಳು. ನನಗೆ ಕೆಮ್ಮು ಬಂತು. ಕೈಯನ್ನು ಬಾಯಿಗೆ ಅಡ್ಡ ತಂದೆ. ಅವಳು ಓದುವುದನ್ನು ನಿಲ್ಲಿಸಿ ಎಡಗೈ ಚಾಚಿದಳು.