ಎಡಗಡೆಯ ದೀಪ ಸ್ವಲ್ಪ ಕೆಳಗೆ

"ಎಷ್ಟು ಲೈಟ್ ಕಾಣ್ತಿದೆ ಸರ್?" ಎಂದಳು ಲತಾ.

"ಎರಡು," ಎಂದೆ. "ಎಡಗಡೇದು ಸ್ವಲ್ಪ ಕೆಳಗಿದೆ."

"ನನ್ನ ಕೈಲಿರೋದು ಒಂದೇ ಟಾರ್ಚು."

ತುಮಕೂರಿನ ಒಂದು ಕಣ್ಣಾಸ್ಪತ್ರೆಯ ಕತ್ತಲೆ ಕೋಣೆಯಲ್ಲಿ, ಗದ್ದವನ್ನು ಸ್ಟ್ಯಾಂಡಿನ ಮೇಲಿಟ್ಟು ಕೂತಿದ್ದೆ. ಇದೇ ಮಾತನ್ನು ನಾನು ಹಿಂದೊಮ್ಮೆ ಹೇಳಿದ್ದೆ. ಆಸ್ಪತ್ರೆಯಲ್ಲಲ್ಲ, ಪೊಲೀಸ್ ಸ್ಟೇಷನ್ನಿನಲ್ಲಿ.

ಮೊದಲು ಕಣ್ಣಿನ ವಿಷಯ ಹೇಳಿಬಿಡುತ್ತೇನೆ. (ಅಂಕಣದ ಮೇಲಿನ ಫೋಟೊದಲ್ಲಿ ನನ್ನ ಸೋಡಾಬುಡ್ಡಿ ಕನ್ನಡಕವನ್ನು ನೀವು ನೋಡಿಯೇ ಇದ್ದೀರಿ.) ನನಗಿರುವುದು ಕೆರಟೋಕೋನಸ್. ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರ ತೆಳುವಾಗುತ್ತಾ, ಮುಂದಕ್ಕೆ ಉಬ್ಬಿ ಚೂಪಾಗುತ್ತದೆ. ಎಷ್ಟು ಸಲ ಕನ್ನಡಕ ಬದಲಾಯಿಸಿದರೂ ಅಕ್ಷರಕ್ಕೊಂದು ನೆರಳು ಅಂಟಿಕೊಂಡೇ ಇರುತ್ತದೆ. ಇದಕ್ಕೆ ಗಟ್ಟಿ ಲೆನ್ಸೇ ಆಗಬೇಕು, ಅದನ್ನೂ ಕಣ್ಣಿನ ಉಬ್ಬಿಗೆ ಸರಿಯಾಗಿ ಅಳತೆ ನೋಡಿ ಕೂರಿಸಬೇಕು ಎಂದು ಡಾಕ್ಟರು ಹೇಳಿದ್ದರು. ಬಲಗಣ್ಣು ಬಹಳ ಹಿಂದೆಯೇ ಮಂಜಾಗಿದೆ. ನಾನು ಲೋಕ ನೋಡುವುದು ಎಡಗಣ್ಣಿನಿಂದ.

ಅಳತೆ ನೋಡುವವಳು ಲತಾ. ಕುಣಿಗಲ್ ಹೈಸ್ಕೂಲಿನಲ್ಲಿ ನನ್ನ ಶಿಷ್ಯೆ. ಅಳತೆಗೆಂದು ಅವಳು ಮೊದಲ ಲೆನ್ಸ್ ಹಾಕಿದಾಗ ರೆಪ್ಪೆಯೊಳಗೆ ಉಗುರಿನ ಚೂರು ಸಿಕ್ಕಿಕೊಂಡಂತಾಯಿತು. ಕಣ್ಣು, ಮೂಗು ಎರಡರಲ್ಲೂ ನೀರು ಸುರಿಯಿತು.

"ಮಿಸುಕಾಡ್ಬೇಡಿ ಸರ್. ಕ್ಲಾಸಲ್ಲಿ ಇದನ್ನೇ ಹೇಳಿ ನಮ್ ಕಿವಿ ಹಿಂಡ್ತಿದ್ರಿ."

"ಈಗ ಸೇಡು ತೀರಿಸ್ಕೋತಿದೀಯ?"

"ಇನ್ನೂ ಐದಾರು ಲೆನ್ಸ್ ಇದಾವೆ, ಇರಿ."

ಅರ್ಧ ಗಂಟೆ ಕೂರಿಸಿ, ಕಣ್ಣಿಗೆ ಹಳದಿ ಔಷಧಿ ತಾಕಿಸಿ, ನೀಲಿ ಬೆಳಕಿನಲ್ಲಿ ನೋಡಿದಳು. ತುದಿಗೆ ಒತ್ತುತ್ತಿದೆ ಎಂದು ತೆಗೆದಳು. ಎರಡನೆಯದು ಜಾರಿತು. ಮೂರನೆಯದನ್ನು ಹಾಕುವ ಮುಂಚೆ ಟಾರ್ಚ್ ಹಿಡಿದು ಕೇಳಿದ್ದೇ ಆ ಪ್ರಶ್ನೆ.

ಮೂರನೆಯದು ಕೂತಿತು. ಕಣ್ಣೀರು ನಿಂತ ಮೇಲೆ ಮತ್ತೆ ಟಾರ್ಚ್ ಹಿಡಿದಳು. ನೋಡಿದೆ. ಬೆಳಕು ಒಂದೇ ಇತ್ತು.

"ಪಾಸ್," ಎಂದಳು ಲತಾ. ನನಗೆ ಖುಷಿಯಾಗಬೇಕಿತ್ತು.

ಅದಕ್ಕೆ ಸುಮಾರು ಒಂದು ವರ್ಷದ ಹಿಂದಿನ ಮಾತು. ಮುಸ್ಸಂಜೆ, ಕುಣಿಗಲ್ ಕೆರೆ ಏರಿಯ ಮೇಲೆ ವಾಕಿಂಗ್ ಹೊರಟಿದ್ದೆ. ದೂರದಲ್ಲಿ ಹಾಲಿನ ಪುಟ್ಟಸ್ವಾಮಿ ಸೈಕಲ್ ಮೇಲೆ ನನ್ನ ಕಡೆಗೆ ಬರುತ್ತಿದ್ದ. ಅವನ ಹಿಂದಿನಿಂದ ಬಂದ ವಾಹನವೊಂದು ಅವನಿಗೆ ಗುದ್ದಿ, ನನ್ನ ಹತ್ತಿರ ಬರುವ ಮೊದಲೇ ಪಕ್ಕದ ದಾರಿಗಿಳಿದು ಹೋಯಿತು. ಅವನ ತೊಡೆಮೂಳೆ ಮುರಿಯಿತು. ಗುದ್ದಿದ್ದು ಯಾವ ಗಾಡಿ ಎಂದು ಅವನಿಗೆ ಗೊತ್ತಾಗಲಿಲ್ಲ. ನೋಡಿದವನು ನಾನೊಬ್ಬನೇ.

"ಬೈಕೋ, ದೊಡ್ಡ ಗಾಡಿಯೋ ಮೇಷ್ಟ್ರೇ?" ಎಂದರು ಸಬ್ ಇನ್ಸ್‌ಪೆಕ್ಟರ್.

"ಎರಡು ಲೈಟಿತ್ತು. ಎಡಗಡೇದು ಸ್ವಲ್ಪ ಕೆಳಗಿತ್ತು."

"ನೋಡ್ರೋ, ಸಾಕ್ಷಿ ಅಂದ್ರೆ ಹಿಂಗಿರ್ಬೇಕು," ಎಂದು ಅವರು ಕಾನ್‌ಸ್ಟೇಬಲ್‌ಗಳಿಗೆ ನನ್ನನ್ನು ತೋರಿಸಿದರು. ನನಗೆ ಒಳಗೊಳಗೇ ಹೆಮ್ಮೆ.

ವಾರದಲ್ಲಿ ಗುಬ್ಬಿಯ ಅಕ್ರಂನನ್ನು ಹಿಡಿದರು. ಮಂಚ, ಬೀರು ಸಾಗಿಸುವ ಟೆಂಪೊ ಅವನದು. ಆ ಸಂಜೆ ಕುಣಿಗಲ್ಲಿಗೆ ಲೋಡ್ ತಂದಿದ್ದ. ಟೆಂಪೊದ ಎಡಗಡೆಯ ಹೆಡ್‌ಲೈಟ್ ಜೋತುಬಿದ್ದಿತ್ತು. (ನೋಡುವವನ ಎಡವೋ, ಡ್ರೈವರನ ಎಡವೋ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.)

ಜಾಮೀನಿನ ಮೇಲೆ ಹೊರಬಂದ ಅಕ್ರಂ ಶಾಲೆಯ ಗೇಟಿನ ಹತ್ತಿರ ನನಗಾಗಿ ಕಾದಿದ್ದ.

"ಲೈಟು ಜೋತಾಡ್ತಿದ್ದಿದ್ದು ನಿಜ ಮೇಷ್ಟ್ರೇ. ನಾನು ಗುದ್ದಿಲ್ಲ. ಲೈಸೆನ್ಸ್ ಹೋದ್ರೆ ನಮ್ಮನೇಲಿ ಒಲೆ ಹಚ್ಚಂಗಿಲ್ಲ."

"ನಾನು ಕಂಡಿದ್ದನ್ನ ಹೇಳಿದೀನಿ ಕಣಪ್ಪ," ಎಂದೆ.

ಸುಳ್ಳೇನೂ ಹೇಳಲಿಲ್ಲ. ನಾನು ಕಂಡದ್ದು ಎರಡೇ ದೀಪ. ಆದರೆ ಒಂದು ಟಾರ್ಚ್ ನನಗೆ ಎರಡಾಗಿ ಕಾಣುವುದಾದರೆ, ಎರಡು ದೀಪದ ಟೆಂಪೊ ನಾಲ್ಕಾಗಿ ಕಾಣಬೇಕಿತ್ತಲ್ಲವೇ? ಏರಿಯ ಮೇಲೆ ಬಂದದ್ದು ಸ್ಕೂಟರೇ ಇರಬಹುದು. ಇಲ್ಲದಿರಲೂಬಹುದು.

ಆಸ್ಪತ್ರೆಯಿಂದ ಬಸ್ ಹತ್ತಿ ನೇರ ಸ್ಟೇಷನ್ನಿಗೆ ಹೋದೆ. ಸಬ್ ಇನ್ಸ್‌ಪೆಕ್ಟರ್ ಪೂರ್ತಿ ಕೇಳಿಸಿಕೊಂಡರು.

"ಹೊಸ ಕಣ್ಣು ಹಾಕಿಸ್ಕೊಂಡು ಬಂದು ಹಳೇ ಕೇಸ್ ಕೆಡಿಸ್ತೀರಾ ಮೇಷ್ಟ್ರೇ? ಸಾಕ್ಷಿ ಉಲ್ಟಾ ಹೊಡೆದ ಅಂತಾರೆ ಜನ. ಇದೇ ಊರಲ್ಲಿ ಪಾಠ ಮಾಡ್ಬೇಕು ನೀವು."

ಅದೂ ನಿಜವೇ. ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಕಳೆದ ವಾರ ಕೋರ್ಟಿನಲ್ಲಿ ನನ್ನ ಸರದಿ ಬಂತು. ಅಷ್ಟರಲ್ಲಿ ನನ್ನದೇ ಅಳತೆಯ ಲೆನ್ಸ್ ಬಂದಿತ್ತು. ಅದನ್ನು ಹಾಕಿಕೊಂಡೇ ಕಟಕಟೆ ಹತ್ತಿದೆ. ಎರಡು ದೀಪ ಕಂಡೆ ಎಂದೆ. ಆಗ ನನ್ನ ಕಣ್ಣಿಗೆ ಒಂದು ದೀಪವೂ ಎರಡಾಗಿ ಕಾಣುತ್ತಿತ್ತು ಎಂದೂ ಹೇಳಿ, ಡಾಕ್ಟರ ಚೀಟಿ ಕೊಟ್ಟೆ.

"ಇಷ್ಟು ದಿನ ನಿಮಗೇ ಗೊತ್ತಾಗಲಿಲ್ವಾ?" ಎಂದರು ಜಡ್ಜ್.

"ಸಂಜೆ ಹೊತ್ತು ಎಲ್ಲರಿಗೂ ಹೀಗೇ ಕಾಣುತ್ತೆ ಅಂದ್ಕೊಂಡಿದ್ದೆ ಸ್ವಾಮಿ."

ಕೆಲವರು ನಕ್ಕರು. ನಗುವ ಮಾತೇ. ಆದರೆ ನೀವು ನಿಮ್ಮ ಕಣ್ಣನ್ನು ಇನ್ನೊಬ್ಬರ ಕಣ್ಣಿನ ಜೊತೆ ಇಟ್ಟು ನೋಡಿದ್ದೀರಾ? ನಾವೆಲ್ಲ ದಿನಕ್ಕೆ ಹತ್ತು ಸಲ, ಹೋಟೆಲಿನಲ್ಲಿ, ಬಸ್ಸಿನಲ್ಲಿ, ಸ್ಟಾಫ್‌ರೂಮಿನಲ್ಲಿ, "ಕಣ್ಣಾರೆ ಕಂಡಿದೀನಿ ಕಣ್ರೀ" ಎನ್ನುತ್ತೇವೆ. ಅಲ್ಲಿಗೆ ಮಾತು ಮುಗಿಯಿತು. ಆ ಕಣ್ಣು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಸ್ಟೇಷನ್ನಿನಲ್ಲೂ ಯಾರೂ ಕೇಳಿರಲಿಲ್ಲ. ನನ್ನ ಮೂಗಿನ ಮೇಲೆ ಅಷ್ಟು ದಪ್ಪದ ಕನ್ನಡಕವಿದ್ದರೂ.

ತೀರ್ಪು ಇನ್ನೂ ಬಂದಿಲ್ಲ.

ಹೊರಗೆ ಬಂದಾಗ ಅಕ್ರಂ ಹತ್ತಿರ ಬಂದ. ಥ್ಯಾಂಕ್ಸ್ ಹೇಳಲಿಲ್ಲ. "ಇನ್ನಾದ್ರೂ ಆ ಲೈಟ್ ರಿಪೇರಿ ಮಾಡಿಸ್ಬೋದಾ ಮೇಷ್ಟ್ರೇ? ಕೇಸ್ ಮುಗಿಯೋಗಂಟ ಮುಟ್ಬೇಡ ಅಂದವ್ರೆ," ಎಂದ. ವಕೀಲರನ್ನು ಕೇಳು ಎಂದೆ.

ಬೇವಿನ ಮರದ ಕೆಳಗೆ ಪುಟ್ಟಸ್ವಾಮಿ ಕೋಲೂರಿಕೊಂಡು ನಿಂತಿದ್ದ. ಲೆನ್ಸಿನಿಂದಾಗಿ ಅವನ ಮುಖ ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕಂಡಿತು. ಕಾಣದಿದ್ದರೆ ಚೆನ್ನಾಗಿತ್ತು ಎನಿಸಿತು.

"ಹಂಗಾರೆ ನನ್ನ ಗುದ್ದಿದ್ದು ಯಾರು ಮೇಷ್ಟ್ರೇ?"

"ಗೊತ್ತಿಲ್ಲ ಕಣಪ್ಪ," ಎಂದೆ.

ಈ ಕೇಸಿನಲ್ಲಿ ನಾನು ಮೊದಲ ದಿನವೇ ಕೊಡಬೇಕಾಗಿದ್ದ ಹೇಳಿಕೆ ಅದೊಂದೇ.